ಒಂದು ಮಡಕೆ, ಎರಡು ಮೀನು

ಗೆಳೆಯರೇ, ನಮ್ಮ ವಾಚನಾಲಯದ ಗಾಜಿನ ತೊಟ್ಟಿಗೆ ಇವತ್ತು ಬೆಳಿಗ್ಗೆ ಎರಡನೆಯ ಪಟ್ಟೆ ಮೀನನ್ನು ಬಿಟ್ಟವನು ನಾನೇ. ತಳದ ಮರಳಿನಲ್ಲಿರುವ ಒಡಕು ಮಡಕೆಯಲ್ಲಿ ಅಡಗುವ ಹಳೆಯ ಮೀನು ನುಗ್ಗಿ ಬಂದು ಹೊಸದರ ಬಾಲವನ್ನು ಹರಿದುಹಾಕಿತು.

ಜಗಳಕ್ಕೆಲ್ಲ ಹಸಿವೇ ಮೂಲವೆಂದು ಕಿರುಹೊತ್ತಿಗೆಯೊಂದರಲ್ಲಿ ಓದಿದ್ದೆ. ನೂಲು ತೆಗೆದ ಮೇಲೆ ಉಳಿದ ರೇಷ್ಮೆಹುಳುಗಳನ್ನು ಪುಡಿಮಾಡಿ ಎರಡಕ್ಕೂ ಸಮನಾಗಿ ಹಾಕಿದೆ. ಹಳೆಯದು ತಿಂದಿತು, ಮತ್ತೆ ಅಟ್ಟಿತು.

ನೂಲು ತೆಗೆಯುವ ಖಾದರ್ ಸಾಬರು ಬಗ್ಗಿ ನೋಡಿದರು. "ಇದು ಹೊಟ್ಟೆ ಜಗಳ ಅಲ್ಲ ಕಣಪ್ಪ, ಮನೆ ಜಗಳ. ತಳದಲ್ಲಿರೋದಕ್ಕೆ ಮೇಲೆ ಈಜೋದನ್ನ ಜೊತೆ ಮಾಡ್ಬೇಕು."

"ಸಾಬರೇ, ಮಡಕೆ ಯಾರ ಸ್ವತ್ತೂ ಅಲ್ಲ!"

"ಹಂಗಂತ ಮೀನಿಗೆ ಹೇಳ್ತಿರು, ಬೀಡಿ ಸೇದಿ ಬರ್ತೀನಿ."

ಗಾಯದ ಮೀನು ಈಗ ಬಕೆಟ್ಟಿನಲ್ಲಿ ಒಂದೇ ಮಗ್ಗುಲಾಗಿ ಉಸಿರೆಳೆಯುತ್ತಿದೆ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಹೋಗಿ ನೋಡಿದೆ. ಹಿಂದಿರುಗಿದರೆ ನಾನು ಕೂತು ಬರೆಯುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೋ ಪತ್ರಿಕೆ ಓದುತ್ತಿದ್ದರು.

"ಏಳಿ, ಅದು ನನ್ನ ಜಾಗ" ಎಂದುಬಿಟ್ಟೆ.

ಬೀಡಿ ಮುಗಿಸಿ ಬಂದ ಸಾಬರು ಕೇಳಿದರು: "ನಿಂಗೂ ಒಂದು ಒಡಕು ಮಡಕೆ ತಂದುಕೊಡ್ಲಾ ಅಪ್ಪ?"

ಮೀನು ಇನ್ನೂ ಬದುಕಿದೆ. ಬಾಗಿಲಿಗೆ ಅಂಟಿಸುವ ಈ ಹಾಳೆಯನ್ನು ನಾನು ನಿಂತುಕೊಂಡೇ ಬರೆದು ಮುಗಿಸುತ್ತಿದ್ದೇನೆ.