ಹಳ್ಳ ಬಂದ ಸಂಜೆ

ಇಂಥದ್ದನ್ನು ಬೇರೆಯವರು ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಈಗ ನೀವೂ ಹಾಗೇ ಎದ್ದುಹೋದರೆ ಬೇಸರವಿಲ್ಲ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ.

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ಬೆಂಗಳೂರಿನ ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಅಣೆಕಟ್ಟೊಂದರ ಕೆಳಗೆ ನದಿ ಹೇಗೆ ದಾರಿ ಬದಲಿಸುತ್ತ ಬಂದಿದೆ ಎಂದು ವಿಮಾನದಿಂದ ತೆಗೆದ ಹಳೆಯ ಫೋಟೋಗಳನ್ನು ನೋಡಿ ನಕ್ಷೆ ಬರೆಯುತ್ತಿದ್ದೆವು. ಮೇಲೆ ನೀರು ನಿಲ್ಲಿಸಿದಾಗಲೆಲ್ಲ ಮೀನುಮರಿಗಳು ಗುಂಡಿಗಳಲ್ಲಿ ಸಿಕ್ಕಿ ಸಾಯುತ್ತಿದ್ದವು. ಮುಚ್ಚಿಹೋದ ಹಳೆಯ ಕವಲನ್ನು ತೆರೆದರೆ ಅವು ಅದರೊಳಗಿಂದ ಹೊಳೆ ಸೇರಿ ಉಳಿಯುತ್ತವೆ. ಒಂದೇ ಕವಲಿಗೆ ಒಪ್ಪಿಗೆ ಸಿಕ್ಕಿತ್ತು. ನಾನು ಎಡದಂಡೆಯದನ್ನು ಆರಿಸಿದ್ದೆ; ಫೋಟೋಗಳಲ್ಲಿ ಅದೇ ಸ್ಪಷ್ಟವಾಗಿತ್ತು.

ನಕ್ಷೆ ಕಳಿಸುವ ಹಿಂದಿನ ಸಂಜೆ ಕರೆಂಟ್ ಹೋಯಿತು. ನನ್ನ ಸಹೋದ್ಯೋಗಿ ಗಿರಿಜಾ, ಬಾದಾಮಿ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದರು. ಇಬ್ಬರೂ ಕಿಟಕಿಯ ಬೆಳಕಲ್ಲೇ ಗೆರೆ ತಿದ್ದುತ್ತಿದ್ದೆವು. ಅವರು ತಲೆಯೆತ್ತಿ, "ಸರ್, ಹಳ್ಳ ಬಂತು ನೋಡ್ರಿ," ಎಂದರು.

ಬೆಂಗಳೂರಿನವನಾದ ನನಗೆ ಹಳ್ಳ ಎಂದರೆ ರಸ್ತೆಯ ಗುಂಡಿ. "ನಮ್ಮ ರೋಡಲ್ಲಿ ಅದು ಯಾವಾಗ ಇರ್ಲಿಲ್ಲ ಹೇಳಿ," ಎಂದೆ.

"ಆ ಹಳ್ಳ ಅಲ್ರೀ ಸರ್, ಹರಿಯೋ ಹಳ್ಳ. ಸಪ್ಪಳ ಕೇಳಸವಲ್ದೇನ್ರಿ ನಿಮಗ?"

ಕೇಳಿಸಿತು. ಕಲ್ಲುಗಳ ನಡುವೆ ನೀರು ನುಗ್ಗುವ ಸದ್ದು. ಹೊರಗೆ ಮಳೆಯಿಲ್ಲ, ನಲ್ಲಿಯಲ್ಲಿ ಹನಿಯಿಲ್ಲ. ಬಗ್ಗಿ ನಕ್ಷೆಗೆ ಕಿವಿಯಿಟ್ಟೆ. ಎಡದಂಡೆ ಸುಮ್ಮನಿತ್ತು. ಸದ್ದು ಬಲದಂಡೆಯಲ್ಲಿ, ಯಾವ ಗುರುತೂ ಇಲ್ಲದ ಬಯಲಿನಲ್ಲಿತ್ತು. ಅದು ಸಾಗಿದ ಕಡೆಗೆಲ್ಲ ಗಿರಿಜಾ ಬೆರಳಿಟ್ಟರು, ನಾನು ಹಿಂದೆಯೇ ಪೆನ್ಸಿಲ್ ಎಳೆದೆ. ಕರೆಂಟ್ ಬಂತು. ಸದ್ದು ನಿಂತಿತು.

"ಅಳಸ್ಲೇನ್ರಿ ಇದನ್ನ?" ಎಂದರು, ರಬ್ಬರ್ ಕೈಗೆತ್ತಿಕೊಂಡು.

"ಇರಲಿ ಬಿಡಿ. ಎರಡೂ ಕಡೆ ಅಗೆದು ನೋಡೋಣ."

ಎಡದಂಡೆಯಲ್ಲಿ ಅರ್ಧ ದಾರಿಗೇ ಬಂಡೆ ಅಡ್ಡ ಸಿಕ್ಕಿತು. ಅಲ್ಲಿ ನೀರು ಬಿಟ್ಟಿದ್ದರೆ ಮರಿಗಳಿಗೆ ನಾವೇ ಇನ್ನೊಂದು ಗುಂಡಿ ತೋಡಿದಂತಾಗುತ್ತಿತ್ತು. ಬಲದಂಡೆಯಲ್ಲಿ ಪೆನ್ಸಿಲ್ ಗೆರೆಯ ಉದ್ದಕ್ಕೂ, ಮಣ್ಣಿನಡಿ, ಹೊಳೆಯ ನುಣುಪು ಕಲ್ಲುಗಳು. ಅದನ್ನೇ ತೆರೆದೆವು.

ಫೋಟೋದಲ್ಲಿದ್ದ ಯಾವುದೋ ಮಸುಕು ಛಾಯೆಯನ್ನು ನನ್ನ ಕಣ್ಣು ಮೊದಲೇ ಹಿಡಿದಿರಬೇಕು, ಸದ್ದನ್ನು ಮನಸ್ಸು ಆಮೇಲೆ ಸೇರಿಸಿಕೊಂಡಿರಬೇಕು ಎಂದು ಎಷ್ಟೋ ಕಾಲ ವಾದಿಸಿಕೊಂಡೆ. ಆ ಫೋಟೋಗಳನ್ನು ಲೆನ್ಸ್ ಹಿಡಿದು ಮತ್ತೆ ಮತ್ತೆ ನೋಡಿದ್ದೇನೆ. ಅಲ್ಲಿ ಏನೂ ಇಲ್ಲ. ಕಡೆಗೆ ಗಿರಿಜಾ ಅವರಿಗೇ ಫೋನ್ ಮಾಡಿ ಕೇಳಿದೆ.

"ಕಿವಿ ಇಟ್ಟಾಕಿ ನಾನ್ರೀ ಸರ್," ಎಂದರು. "ನಾ ಬೆರಳು ಎಲ್ಲೂ ಇಟ್ಟಿಲ್ಲ. ನೀವ ಕಣ್ಣು ಮುಚ್ಕೊಂಡು ಗೆರಿ ಎಳದ್ರಿ."

ಯಾರ ನೆನಪು ಸರಿಯೋ ತಿಳಿಯದು. ನೀರು ಇಳಿದಾಗ ಮರಿಗಳು ಈಗಲೂ ಆ ಕವಲು ಹಿಡಿದೇ ಹೊಳೆ ಸೇರುತ್ತವೆ.