ತಲೆಯ ಮೇಲಿನ ಕೈ

ಬೀದಿಯವರಿಗೆಲ್ಲ ಅವಳು ಇಸ್ತ್ರಿಯಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿಸಿಟ್ಟ ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಕಂಬಳಿಯ ಮೇಲೊಂದು ಬಿಳಿ ಬಟ್ಟೆ, ಪಕ್ಕದಲ್ಲಿ ನೀರು ಚಿಮುಕಿಸುವ ಚೊಂಬು. ಸೊಸೆಯಾಗಿ ಬಂದ ಹೊಸದರಲ್ಲಿ ಗಂಡನ ಅಂಗಿಗೆ ಇಸ್ತ್ರಿ ಹಾಕಿದ್ದನ್ನು ಕಂಡು ಪಕ್ಕದ ಮನೆಯವರು ತಮ್ಮದೂ ಒಂದು ತಂದರು. ಅವರದನ್ನು ಕಂಡು ಎದುರು ಮನೆಯವರು ತಂದರು. ಹಾಗೆ ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ತಲೆ ನರೆತರೂ ಅವಳು ಕೆಳಗಿಟ್ಟಿರಲಿಲ್ಲ. ಕೆಂಡದ ಪೆಟ್ಟಿಗೆ ಹೋಗಿ ಕರೆಂಟಿನ ಪೆಟ್ಟಿಗೆ ಬಂತು, ಅಷ್ಟೇ ವ್ಯತ್ಯಾಸ.

ಕಾಲರ್ ವಿಷಯದಲ್ಲಿ ಅವಳ ಕೈಗೆ ಹೆಸರಿತ್ತು. ತುದಿಯಿಂದ ನಡುವಿಗೆ ಒತ್ತಬೇಕು, ನಡುವಿನಿಂದ ತುದಿಗೆ ಒತ್ತಿದರೆ ಮೂಲೆಯಲ್ಲಿ ಸುಕ್ಕು ಬಂದು ಕೂರುತ್ತದೆ ಅನ್ನುವಳು. ಒತ್ತುವಾಗ ಗಲ್ಲ ಎದೆಗೆ ತಾಗುವಷ್ಟು ಕತ್ತು ಬಗ್ಗಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನೋಡುವಳು. ಕಾಲರ್ ನೋಡಿ ಹೊಗಳಿದವರು ಬಹಳ ಜನ. ಆ ಕತ್ತನ್ನು ನೋಡಿದವರು ಯಾರೂ ಇಲ್ಲ.

ಅದು ಶುರುವಾದದ್ದು ಬಸ್ ಕಂಡಕ್ಟರನ ಖಾಕಿ ಅಂಗಿಯ ಮೇಲೆ. ಕಾಲರ್ ಒತ್ತುತ್ತಿದ್ದಾಗ ಬಲ ಹೆಗಲಿನಿಂದ ಹೊರಟದ್ದೇನೋ ಚುರ್ರೆಂದು ತೋಳಿನಲ್ಲಿಳಿದು ಹೆಬ್ಬೆರಳಿನ ತುದಿಯಲ್ಲಿ ಸಿಡಿಯಿತು. ಪೆಟ್ಟಿಗೆಯನ್ನು ಅಂಗಿಯ ಮೇಲೆ ಬಿಡದೆ ಹೇಗೆ ಪಕ್ಕಕ್ಕೆ ನಿಲ್ಲಿಸಿದಳೋ ಅವಳಿಗೇ ಗೊತ್ತಾಗಲಿಲ್ಲ.

“ರೀ, ಕರೆಂಟ್ ಹೊಡೀತು” ಎಂದು ಗೋಡೆಗೆ ಒರಗಿದಳು.

ಗಂಡ ವೈರಿಂಗ್ ಕೆಲಸದವನು. ಆ ಮನೆಯ ತಂತಿ, ಸ್ವಿಚ್ಚು, ಒಂದೊಂದು ಮೊಳೆಯೂ ಅವನದೇ ಕೈಯದು. ಅವಳ ಮಾತು ಅವನಿಗೆ ಬೈಗುಳದ ಹಾಗೆ ಕೇಳಿಸಿತು.

“ನನ್ ಮನೇಲಿ ಕರೆಂಟ್ ಹೊಡೆಯೋದಾ?” ಎಂದು ಟೆಸ್ಟರ್ ಹಿಡಿದು ಬಂದ. ಪೆಟ್ಟಿಗೆಗೆ ಹಿಡಿದ, ಪ್ಲಗ್ಗಿನ ಸುತ್ತ ಹಿಡಿದ, ಕೊನೆಗೆ ಮೇಜಿನ ಕಾಲಿಗೂ ಹಿಡಿದ. ಎಲ್ಲೂ ದೀಪ ಹತ್ತಲಿಲ್ಲ.

“ಇಲ್ವಲ್ಲೇ.”

“ಹೊಡೀತು ರೀ. ನಾನೇನು ಸುಳ್ಳು ಹೇಳ್ತೀನಾ?”

“ಸುಳ್ಳು ಅಂದ್ನಾ? ಇಲ್ಲ ಅಂದೆ.”

ಮಾರನೆಯ ದಿನ ಮತ್ತೆ ಹೊಡೆಯಿತು. ಅವನು ಪೆಟ್ಟಿಗೆಯ ವೈರು ಬದಲಿಸಿದ. ಮತ್ತೆ ಹೊಡೆಯಿತು. ಕಾಲ ಕೆಳಗೆ ರಬ್ಬರ್ ಹಾಸಿದ, ತನ್ನ ದಪ್ಪ ಚಪ್ಪಲಿಗಳನ್ನು ಅವಳಿಗೆ ತೊಡಿಸಿದ. ಅವು ಅವಳ ಕಾಲಿಗೆ ದೋಣಿಯಂತೆ ದೊಡ್ಡವು. ಅವನ್ನೇ ಎಳೆದುಕೊಂಡು ಓಡಾಡಿದಳು. ಆಮೇಲೆ ಒಂದು ದಿನ ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ತಣ್ಣಗಾದ ಪೆಟ್ಟಿಗೆಯನ್ನು ಬಗ್ಗಿ ಒರೆಸುತ್ತಿದ್ದಾಗಲೂ ಹೊಡೆಯಿತು. ಇದನ್ನು ಯಾರಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ತಂತಿಯೇ ಇಲ್ಲದ ಕಡೆಯಿಂದ ಕರೆಂಟು ಬಂದೀತೇ? ಹಿಂದೆ ಹಾಯ್ದುಹೋದ ಕರೆಂಟು ಮೈಯಲ್ಲಿ ಉಳಿದುಕೊಂಡಿರಬಹುದೇ?

ಒಂದು ಬೆಳಿಗ್ಗೆ ತಲೆ ವಾಲಿಸಿ ಜಡೆಯ ಸಿಕ್ಕು ಬಿಡಿಸುತ್ತಿದ್ದವಳು ಬಾಚಣಿಗೆಯನ್ನು ಎಸೆದು ಹಾಗೇ ನೆಲದ ಮೇಲೆ ಕುಳಿತಳು.

“ಈಗ ಬಾಚಣಿಗೇಲೂ ಕರೆಂಟಾ?” ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳಿದರು. “ಲೋ ಮಗಾ, ಬಾ ಇಲ್ಲಿ, ಬಾಚಣಿಗೆಗೂ ಒಂದ್ಸಲ ಟೆಸ್ಟರ್ ಹಿಡಿ.”

ಅವನು ನಿಜವಾಗಿಯೂ ಹಿಡಿದ. ಹಂಗಿಸಲು ಅಲ್ಲ, ಏನು ಮಾಡಬೇಕೆಂದು ಅವನಿಗೂ ತೋಚಿರಲಿಲ್ಲ. ಆದರೆ ಕಿಟಕಿಯ ಆಚೆ ಬಟ್ಟೆ ಗಂಟು ಹಿಡಿದು ನಿಂತಿದ್ದವರು ನಕ್ಕರು, ಸಂಜೆಯೊಳಗೆ ಬೀದಿಯೆಲ್ಲ ನಕ್ಕಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಅವಳಿಗೆ ಅಂದು ಚೆನ್ನಾಗಿ ಅರ್ಥವಾಯಿತು. ಇನ್ನು ಮೇಲೆ ತನಗೆ ತೋಚಿದ್ದನ್ನು ಯಾರಿಗೂ ಹೇಳಬಾರದೆಂದು ತುಟಿ ಹೊಲಿದುಕೊಂಡಳು.

ನೋವು ಮಾತ್ರ ತುಟಿ ಹೊಲಿದುಕೊಳ್ಳಲಿಲ್ಲ. ಮೊದಲು ಬಂದು ಹೋಗುತ್ತಿದ್ದುದು ಈಗ ಬಂದು ಕೂತಿತು. ತೋಳಿನೊಳಗೆ ಯಾರೋ ಬಿಸಿ ಸರಿಗೆ ಎಳೆದ ಹಾಗೆ. ಹೆಬ್ಬೆರಳು ಒಮ್ಮೆ ಉರಿಯುವುದು, ಒಮ್ಮೆ ಮರದ ತುಂಡಾಗುವುದು. ಮಲಗಿದರೆ ಇನ್ನೂ ಜೋರು. ಎಣ್ಣೆ ಹಚ್ಚಿದರು, ಉಪ್ಪಿನ ಗಂಟಿನ ಶಾಖ ಕೊಟ್ಟರು, ಅತ್ತೆ ಬೈಯುತ್ತಲೇ ತೋಳು ನೀವಿದರು. ಎಲ್ಲಿ ನೋವು ಎಂದು ಕೇಳಿದವರಿಗೆ ಅವಳು ಇಂದು ಮೊಣಕೈ ತೋರಿಸಿದರೆ ನಾಳೆ ಮಣಿಕಟ್ಟು ತೋರಿಸುವಳು.

“ನಿನ್ ನೋವು ಬಾಡಿಗೆ ಮನೇಲಿದ್ಯೇನೇ? ದಿನಾ ಮನೆ ಬದಲಾಯಿಸುತ್ತೆ” ಎಂದ ಗಂಡ.

ಅವಳಿಗೆ ನಗು ಬಂತು, ನಕ್ಕರೆ ತೋಳು ನಡುಗಿತು, ನಗುವನ್ನು ಅಲ್ಲೇ ನುಂಗಿದಳು. ಎಡಗೈಯಲ್ಲಿ ಇಸ್ತ್ರಿ ಹಾಕಲು ಕಲಿತಳು. ಕಂಡಕ್ಟರ್ ಅಂಗಿಯ ಮಡಿಕೆ ಬಿಚ್ಚಿ ನೋಡಿ, “ಅಕ್ಕಾ, ಕಾಲರ್ ನಾಯಿಕಿವಿ ಹಾಗೆ ಎದ್ದು ನಿಂತಿದೆಯಲ್ಲ. ನನ್ನ ನೋಡಿ ಜನ ಟಿಕೆಟ್ ತಗೊಳ್ಳೋದು ಬಿಟ್ಟು ಬಿಸ್ಕತ್ ಹಾಕ್ತಾರೆ” ಎಂದ. ಆ ದಿನ ಅವಳು ಊಟ ಮಾಡಲಿಲ್ಲ.

ಉಪಶಮನ ಸಿಕ್ಕಿದ್ದು ಹ್ಯಾಂಗರಿನಿಂದ. ಉದ್ದದ ಅಂಗಿಗಳನ್ನು ಹ್ಯಾಂಗರಿಗೆ ಹಾಕಿ, ಅಂಚು ನೆಲ ಮುಟ್ಟದ ಹಾಗೆ ಕೈ ಎತ್ತರಕ್ಕೆ ಹಿಡಿದು ಮನೆಮನೆಗೆ ತಲುಪಿಸುವುದು ಅವಳ ರೂಢಿ. ಒಂದು ದಿನ ಹಾಗೆ ಬೀದಿಯ ಕೊನೆಯವರೆಗೆ ಹೋದವಳಿಗೆ ನೋವಿನ ನೆನಪೇ ಬರಲಿಲ್ಲ. ಅಂಗಿ ಕೊಟ್ಟು ಕೈ ಇಳಿಸಿದಳು. ಕಾದು ನಿಂತಿದ್ದ ಹಾಗೆ ನೋವು ಬಂದು ಹಿಡಿಯಿತು. ಬೇಕೆಂದೇ ಬರಿಗೈಯನ್ನು ಎತ್ತಿದಳು, ನೋವು ಇಳಿಯಿತು. ತೋಳು ಸೋತಿತೆಂದು ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡಳು. ಬೆಂದ ಗಾಯಕ್ಕೆ ತಣ್ಣೀರು ಬಿಟ್ಟಂತಾಯಿತು. ನೋವಿರುವುದು ತೋಳಿನಲ್ಲಿ, ಅದಕ್ಕೆ ತಲೆಯ ಮೇಲೇನು ಕೆಲಸ? ಅದೊಂದೂ ಬುದ್ಧಿಗೆ ಹತ್ತಲಿಲ್ಲ. ಹತ್ತದಿದ್ದರೆ ಬೇಡ ಎಂದು ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ನಿಂತಳು.

ಆದರೆ ತಲೆಯ ಮೇಲೆ ಕೈ ಹೊತ್ತು ಕೂರುವುದನ್ನು ಯಾವ ಅತ್ತೆ ಸಹಿಸಿಯಾಳು?

“ಕೈ ಇಳಿಸೇ. ಮನೆ ಮುಳುಗಿ ಹೋದೋರು ಕೂರೋ ಹಾಗೆ ಕೂತಿದಾಳೆ. ಗಂಡ ಕಂಬ ಹತ್ತೋನು ಅನ್ನೋ ಭಯ ಬೇಡ್ವಾ?”

“ಸ್ವಲ್ಪ ಹಾಯಾಗುತ್ತೆ ಅತ್ತೆ.”

“ಹಾಯಾಗುತ್ತೆ ಅಂತ ಅಪಶಕುನ ಮಾಡ್ತಾರಾ?”

ಅವಳು ಇಸ್ತ್ರಿಯಾದ ಅಂಗಿಗಳನ್ನು ಸಾಲಾಗಿ ನೇತುಹಾಕಿ, ಅವುಗಳ ಹಿಂದೆ ಅಡಗಿ ನಿಂತು ತಲೆಯ ಮೇಲೆ ಕೈ ಇಟ್ಟುಕೊಳ್ಳತೊಡಗಿದಳು. ಕಳ್ಳತನದಲ್ಲಿ ಬೆಲ್ಲ ತಿಂದ ಹಾಗೆ. ಒಂದು ದಿನ ಕಂಡಕ್ಟರ್ ಅಂಗಿಗೆಂದು ಬಂದವನು ಸಾಲನ್ನು ಸರಿಸಿ ನೋಡಿದ. ಹಿಂದೆ ಇಸ್ತ್ರಿಯಕ್ಕ ತಲೆಯ ಮೇಲೆ ಕೈ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಾಳೆ, ಕೆನ್ನೆಯ ಮೇಲೆ ನೀರು. ಅವನು ಒಂದು ಮಾತೂ ಕೇಳದೆ, ಬಂದ ಕಾಲಲ್ಲೇ ಹಿಂದಿರುಗಿ ಹೋದ. ವೈರಿಂಗಣ್ಣ ಕಂಬದಿಂದ ಬಿದ್ದನಂತೆ ಎಂದು ಮೊದಲ ಮನೆಯಲ್ಲಿ ಹೇಳಿದ. ಕೊನೆಯ ಮನೆ ಮುಟ್ಟುವ ಹೊತ್ತಿಗೆ ವೈರಿಂಗಣ್ಣ ಇರಲೇ ಇಲ್ಲ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡು ಬಂದು ಅಂಗಳದಲ್ಲಿ ತುಂಬಿಕೊಂಡರು. ಅತ್ತೆಗೆ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಮಗ ಸೈಕಲ್ಲಿಗೆ ವೈರಿನ ಸುರುಳಿ ಸಿಕ್ಕಿಸಿಕೊಂಡು ಬಂದು ಇಳಿದು, “ಯಾರ್ ಹೋದ್ರು?” ಎಂದು ಕೇಳಿದ.

“ನೀನೇ” ಎಂದರು ಯಾರೋ.

ಅಂದಿನಿಂದ ಆ ಮನೆಯಲ್ಲಿ ತಲೆಯ ಮೇಲೆ ಕೈ ಇಡುವುದು ಬಾಯಿಬಿಟ್ಟು ಹೇಳಬಾರದ ವಿಷಯವಾಯಿತು. ಅತ್ತೆ ಆಣೆ ಹಾಕಿಸಿಕೊಂಡರು. ಹಾಯಾಗುವ ಒಂದೇ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು.

ಗಂಡ ಅವಳನ್ನು ಮೂಲೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಒಳ್ಳೆಯವರು, ಮೆತ್ತಗಿನ ಮಾತು. ಬೆರಳುಗಳನ್ನು ಒತ್ತಿ ನೋಡಿ ಕೇಳಿದರು: “ಹೆಬ್ಬೆರಳಲ್ಲಿ ಜೋಮು ಇದ್ಯಾ?” ಹೂಂ ಎಂದಳು. “ರಾತ್ರಿ ಎಚ್ಚರ ಆಗುತ್ತಾ?” ಹೂಂ. “ಎದ್ದು ಕೈ ಕೊಡವಿದ್ರೆ ಕಡಿಮೆ ಆಗುತ್ತಾ?” ಕೊಡವಿದರೆ ಪ್ರಾಣ ಹೋಗುತ್ತಿತ್ತು. ಆದರೆ ಅವರು ಹೌದೆನ್ನಲಿ ಅನ್ನುವ ಮುಖ ಮಾಡಿಕೊಂಡು ಕೇಳಿದ್ದರು. ಕರೆಂಟು ಎಂದು ಹೇಳಿ ನಗೆಪಾಟಲಾದವಳು ತಿಳಿದವರ ಮಾತಿಗೆ ಎದುರು ಹೇಳುವುದೇ? ಅದಕ್ಕೂ ಹೂಂ ಎಂದಳು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೊಯ್ದು ಬಿಡಿಸಬೇಕಾಗಬಹುದು ಎಂದು ಅವರು ದೊಡ್ಡಾಸ್ಪತ್ರೆಗೆ ಕಳಿಸಿದರು.

ಕೊಯ್ಯುವುದೆಂದರೆ ಬಲಗೈ. ಪೆಟ್ಟಿಗೆ ಹಿಡಿಯುವ ಕೈ. ಆ ಕೈ ಕೆಟ್ಟರೆ ತಾನು ಯಾರು ಅನ್ನುವುದೇ ಅವಳಿಗೆ ತಿಳಿಯದಾಯಿತು. ಇಸ್ತ್ರಿ ಹೋದರೆ ಬರೀ ಅಕ್ಕ. ಕೊಯ್ಯಿಸಿಯೂ ನೋವು ಅಲ್ಲೇ ಉಳಿದರೆ? ಹೀಗೆಲ್ಲ ಒಳಗೇ ಕುದಿದಳು.

ದೊಡ್ಡಾಸ್ಪತ್ರೆಗೆ ಅತ್ತೆಯೂ ಹೊರಟರು. ಗಂಡ ಚೀಟಿ ಮಾಡಿಸಿಕೊಟ್ಟು ಹೊರಗೆ ನಿಂತ; ಅತ್ತೆ ಸೊಸೆ ಒಳಗೆ ಹೋದರು. ಅಲ್ಲಿದ್ದದ್ದು ಕನ್ನಡಕದ ಡಾಕ್ಟರಮ್ಮ, ಕೈ ಚುರುಕು, ಮಾತು ಚುಟುಕು. ಅವರೂ ಅದೇ ಪ್ರಶ್ನೆಗಳನ್ನು ಕೇಳಿದರು, ಇವಳೂ ಅದೇ ಹೂಂ ಹಾಕಿದಳು.

“ಹೇಗೆ ಇಟ್ಕೊಂಡ್ರೆ ಕೈ ಹಾಯಾಗಿರುತ್ತೆ?” ಎಂದು ಅವರು ಕೊನೆಗೊಮ್ಮೆ ಕೇಳಿದರು.

ಇವಳು ಅತ್ತೆಯ ಮುಖ ನೋಡಿದಳು. ಆಣೆ ನೆನಪಾಯಿತು, ಬೀದಿಯ ನಗು ನೆನಪಾಯಿತು. “ಹೇಗೂ ಇಲ್ಲ” ಎಂದಳು.

“ಸರಿ, ಹಾಗಾದ್ರೆ ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ಚಿಕ್ಕದೇ ಆಪರೇಷನ್ನು.”

ಇವಳು ಏಳುವುದರಲ್ಲಿದ್ದಳು. ಅತ್ತೆ ಏಳಲಿಲ್ಲ. ದೂರು ಹೇಳಲು ಇಷ್ಟು ದೊಡ್ಡವರು ಮತ್ತೆ ಸಿಗಲಿಕ್ಕಿಲ್ಲ ಅನ್ನಿಸಿತೋ ಏನೋ, ಸೆರಗು ಸರಿಮಾಡಿಕೊಂಡು ಶುರುಮಾಡಿದರು.

“ಡಾಕ್ಟರಮ್ಮ, ಕುಯ್ಯೋದು ನೀವು ಕುಯ್ಯಿರಿ. ಅದರ ಜೊತೆ ಇವಳಿಗೆ ಒಂದು ಬುದ್ಧೀನೂ ಹೇಳಿ. ನಾನು ಹೇಳಿದ್ರೆ ಕೇಳಲ್ಲ. ಮೂರು ಹೊತ್ತೂ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾಳೆ. ಆಣೆ ಹಾಕಿಸಿದ್ರೂ ಬಚ್ಚಲಿಗೆ ಹೋಗಿ ಹೊತ್ಕೊಳ್ತಾಳೆ. ಬದುಕಿರೋ ನನ್ ಮಗನ್ನ ಸಾಯಿಸಿಬಿಟ್ಲು.”

ಡಾಕ್ಟರಮ್ಮನ ಪೆನ್ನು ನಿಂತಿತು. “ಯಾವ ಕೈ?”

“ಇದೇ ಕೈ, ನೋಯೋ ಕೈ.”

“ಎಲ್ಲಿ, ಹೊತ್ಕೊಳ್ಳಿ ನೋಡೋಣ.”

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಬೇರೆ ಕಡೆ ನೋಡಿದರು. ಅವಳು ಮೆಲ್ಲಗೆ ಕೈ ಎತ್ತಿ ನೆತ್ತಿಯ ಮೇಲಿಟ್ಟಳು. ತಿಂಗಳುಗಳಿಂದ ಬಿಗಿದಿದ್ದ ಮುಖ ತಾನಾಗಿ ಸಡಿಲವಾಯಿತು. ಅದನ್ನು ಅತ್ತೆಯೂ ಕಂಡರು; ಬಹುಶಃ ಮೊದಲ ಸಲ ಕಂಡರು.

“ಕೈ ಕೊಡವಿದ್ರೆ ನಿಜವಾಗ್ಲೂ ಕಡಿಮೆ ಆಗುತ್ತಾ?”

“ಇಲ್ಲ ಡಾಕ್ಟರಮ್ಮ” ಎಂದಳು, ನೆಲ ನೋಡುತ್ತ. “ಜಾಸ್ತಿಯಾಗುತ್ತೆ.”

“ಮತ್ತೆ ಹೂಂ ಅಂದ್ರಿ?”

ಡಾಕ್ಟರಮ್ಮ ಎದ್ದು ಬಂದು ಅವಳ ಹಿಂದೆ ನಿಂತರು. ಕೈ ಇಳಿಸಲು ಹೇಳಿ, ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಬಲಕ್ಕೆ ವಾಲಿಸಿದರು. ಚುರ್ರೆಂದು ಅದೇ ಬಂತು, ಅದೇ ದಾರಿ ಹಿಡಿದು, ಅದೇ ಹೆಬ್ಬೆರಳಿಗೆ.

“ಕರೆಂಟು” ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

“ಹೌದು, ಕರೆಂಟಿನ ಹಾಗೇ ಇರುತ್ತೆ” ಎಂದರು ಡಾಕ್ಟರಮ್ಮ. ಯಾರೂ ನಗಲಿಲ್ಲ. “ಮಣಿಕಟ್ಟಿನದಲ್ಲ ಇದು. ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಹಾಕಿಕೊಂಡಿರೋ ಹಾಗಿದೆ. ಕೈ ತಲೆ ಮೇಲಿಟ್ರೆ ಅದಕ್ಕೆ ಒಂಚೂರು ಸಡಿಲ ಸಿಗುತ್ತೆ. ಸ್ಕ್ಯಾನ್ ಮಾಡಿಸೋಣ. ನಾಳೆ ಕೊಯ್ಯೋದು ಬೇಡ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೀಗೆ ಒಂದು ಚಾಡಿಯಿಂದ ತಪ್ಪಿತು.

ಸ್ಕ್ಯಾನೂ ಅದನ್ನೇ ಹೇಳಿತು. ಗಂಡ ಅದರ ಫಿಲ್ಮನ್ನು ಬೆಳಕಿಗೆ ಹಿಡಿದು, ತಾನು ಓದಬಲ್ಲೆನೆಂಬಂತೆ ನೋಡಿ, “ವೈರೇ ಕೆಟ್ಟಿದ್ದು. ನಾನು ಬಲ್ಬ್ ನೋಡ್ತಾ ಕೂತಿದ್ದೆ” ಎಂದ. ಅವಳಿಗೆ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ.

“ಕತ್ತು ಒಂದು ದಿನಾನೂ ನೋಯ್ಲಿಲ್ವಲ್ಲ ಡಾಕ್ಟರಮ್ಮ?”

“ನರ ಹಾಗೇ. ಎಲ್ಲಿ ಸಿಕ್ಕಿಬಿದ್ದಿದೀನಿ ಅಂತ ಹೇಳಲ್ಲ, ಎಲ್ಲಿಗೆ ಹೊರಟಿದ್ದೆ ಅಂತ ಹೇಳುತ್ತೆ.”

ಅವಳು ತಲೆಯಾಡಿಸಿದಳು. ಅರ್ಥವಾಗಿ ಅಲ್ಲ, ತಲೆಯಾಡಿಸಿದರೂ ಈಗ ನಷ್ಟವಿಲ್ಲ ಎಂದು.

ಮಾತ್ರೆ ಕೊಟ್ಟರು, ಕತ್ತಿನ ವ್ಯಾಯಾಮ ಹೇಳಿಕೊಟ್ಟರು, ಕತ್ತಿಗೊಂದು ಪಟ್ಟಿ ಹಾಕಿದರು. ಊರಿನ ಕಾಲರನ್ನೆಲ್ಲ ನೆಟ್ಟಗೆ ಮಾಡಿದವಳಿಗೆ ಕೊನೆಗೂ ಒಂದು ಕಾಲರ್ ಬಂತೆಂದು ಕಂಡಕ್ಟರ್ ಅಂದ. ಗಂಡ ಮೇಜಿನ ನಾಲ್ಕೂ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರಿಸಿದ. ನೋವು ಒಂದೇ ಸಲ ಹೋಗಲಿಲ್ಲ. ಅತ್ತೆಮನೆಗಿನ್ನೂ ಹೊಂದದ ಹೊಸ ಸೊಸೆಯ ಹಾಗೆ, ಎರಡು ದಿನ ತವರಿಗೆ ಹೋಗಿ ಮತ್ತೆ ಬಂದು, ಮತ್ತೆ ಹೋಗಿ, ಹೀಗೆ ಬಹಳ ಕಾಲ ಓಡಾಡಿತು. ಹೆಬ್ಬೆರಳಿನ ತುದಿಯಲ್ಲಿ ಜೋಮು ಉಳಿದೇ ಇತ್ತು.

ನೋವು ಬಂದಾಗ ತಲೆಯ ಮೇಲೆ ಕೈ ಇಟ್ಟುಕೊಳ್ಳಿ ಎಂದು ಡಾಕ್ಟರಮ್ಮನೇ ಹೇಳಿದ್ದರು. ಅತ್ತೆಗೆ ಇದು ಧರ್ಮಸಂಕಟ. ದೊಡ್ಡವರ ಮಾತು ಮೀರುವಂತಿಲ್ಲ, ಬೀದಿಯವರು ಮತ್ತೆ ಅಳುತ್ತ ಬರುವಂತಿಲ್ಲ. ಒಂದೆರಡು ದಿನ ಬಾಗಿಲು ಮುಚ್ಚಿಟ್ಟು ನೋಡಿದರು. ಗಿರಾಕಿಗಳು ವಾಪಸು ಹೋದರು. ಆಮೇಲೆ ಒಂದು ಬೆಳಿಗ್ಗೆ ಸೊಸೆ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತು ಕೈ ಎತ್ತುತ್ತಿದ್ದಾಗ, ಅತ್ತೆ ಬಂದು ಆ ಕೈಯಲ್ಲಿ ಬಾಚಣಿಗೆ ಇಟ್ಟರು.

“ಹಿಡ್ಕೋ. ನೋಡಿದೋರು ತಲೆ ಬಾಚ್ತಿದಾಳೆ ಅನ್ಕೊಳ್ಳಲಿ.”

ಹಾವೂ ಸತ್ತಿತು, ಕೋಲೂ ಉಳಿಯಿತು. ಇದೇ ಬಾಚಣಿಗೆಗಲ್ಲವೇ ಟೆಸ್ಟರ್ ಹಿಡಿದದ್ದು ಎಂದು ಅವಳಿಗೆ ಹೊಳೆಯಿತು. ಅತ್ತೆಗೂ ಹೊಳೆದಿರಬೇಕು, ಬಾಚಣಿಗೆಯನ್ನು ನೆಟ್ಟಗೆ ಕೂರಿಸುವ ನೆಪದಲ್ಲಿ ಅವರ ಕೈ ಅವಳ ನೆತ್ತಿಯ ಮೇಲೆ ಒಂದು ಗಳಿಗೆ ಹೆಚ್ಚಾಗಿ ನಿಂತಿತು.

ಅಂಗಿ ಒಯ್ಯಲು ಬಂದ ಕಂಡಕ್ಟರ್ ಕಿಟಕಿಯಲ್ಲಿ ಇಣುಕಿದ. “ಏನಕ್ಕಾ, ಯಾವಾಗ ಬಂದ್ರೂ ತಲೆ ಬಾಚ್ತಾನೇ ಇರ್ತೀರಲ್ಲ. ಯಾರ ಮನೆ ಮದುವೆ?”

“ನಿನ್ ಅಂಗಿ ಅಲ್ಲಿದೆ, ಕಾಲರ್ ನೋಡ್ಕೊಂಡು ತಗೊಂಡ್ಹೋಗು” ಎಂದರು ಅತ್ತೆ, ಅವಳು ಬಾಯಿ ತೆರೆಯುವ ಮೊದಲೇ. “ಕೂದಲು ಅವಳದು. ಎಷ್ಟು ಹೊತ್ತಾದ್ರೂ ಬಾಚ್ಕೊಳ್ತಾಳೆ.”