ಇಳಿದು ಬಂದ ಗಾಡಿ

ಗೂಡಲೂರಿನ ಘಟ್ಟದಲ್ಲಿ ಎತ್ತಿನ ಗಾಡಿ ಹೊಡೆದೇ ಮುದುಕನಾದ ಜೋಗಿ ಷೇರು ಕಾಗದಗಳನ್ನು ನಂಬಿದವನಲ್ಲ. ಹಿಂದೆ ಷೇರು ಮಾರಿ ತೆರೆದ ಚಿನ್ನದ ಗಣಿಗಳಿಗೆ ಯಂತ್ರ ಸಾಗಿಸಿದವನು ಅವನೇ. ಹಿಂದಿರುಗುವಾಗ ಗಾಡಿ ಸದಾ ಖಾಲಿ; ಚಿನ್ನ ಇಳಿದು ಬರಲೇ ಇಲ್ಲ.

ತಂಗಿಯ ಮಗ ಬೆಳ್ಳ, ಆಲೂಗಡ್ಡೆ ಬೆಳೆದು ಕೂಡಿಟ್ಟ ದುಡ್ಡನ್ನೆಲ್ಲ ಹೊಸದೊಂದು ಟೀ ಕಂಪನಿಯ ಷೇರಿಗೆ ಸುರಿಯಲು ಹೊರಟಾಗ ಮುದುಕ ರೇಗಿದ.

"ಕಾಗದ ಆಮೇಲೆ ಓದುವಿಯಂತೆ. ಮೊದಲು ದಾರೀಲಿ ಕೂತು, ಏನು ಇಳಿದು ಬರ್ತದೆ ನೋಡು."

ಇಬ್ಬರೂ ಆ ಕಂಪನಿಯ ಎಸ್ಟೇಟಿನ ದಾರಿಯ ಪಕ್ಕ ಕೂತರು. ಮೇಲಕ್ಕೆ ತಗಡು ಹೋಯಿತು, ವಿಸ್ಕಿ ಹೋಯಿತು. ಟೀ ಪೆಟ್ಟಿಗೆ ಒಂದೂ ಇಳಿಯಲಿಲ್ಲ.

"ಗಿಡ ಇನ್ನೂ ಎಳೇದು, ಮಾಮ," ಎಂದ ಬೆಳ್ಳ.

ಸಂಜೆಗೆ ತುಂಬಿದ ಗಾಡಿಯೊಂದು ಇಳಿದು ಬಂತು. ಬೆಳ್ಳ ಗೆದ್ದವನಂತೆ ಓಡಿಹೋಗಿ ಹೊದಿಕೆ ಎತ್ತಿದ.

ಒಳಗೆ ಮ್ಯಾನೇಜರ್ ದೊರೆಯ ಮಂಚ, ಪಿಯಾನೊ, ಟ್ರಂಕುಗಳು. ಅವುಗಳ ನಡುವೆ ದೊರೆಯ ನಾಯಿಯೂ ಊರಿಗೆ ಹೊರಟು ಕೂತಿತ್ತು.